ಯಾವ ಆಯ್ತು?

ಆ ಕೋಣೆಗೆ ಕಿಟಕಿಗಳಿರಲಿಲ್ಲ. ಮುಂಜಾವೂ ನಡುಮಧ್ಯಾಹ್ನವೂ ಅಲ್ಲಿ ಒಂದೇ ಬಣ್ಣ. ಗೋಡೆಯ ಉದ್ದಕ್ಕೂ ಹರಡಿದ್ದ ನಕ್ಷೆಯಲ್ಲಿ ನಗರದ ವಿದ್ಯುತ್ ಜಾಲವೆಲ್ಲ ಕೆಂಪು ಹಸಿರು ಚುಕ್ಕಿಗಳಾಗಿ ಮಿನುಗುತ್ತಿತ್ತು. ಅದರ ನೆತ್ತಿಯ ಮೇಲೆ ವಿದ್ಯುತ್ತಿನ ಆವರ್ತನ ತೋರಿಸುವ ಅಂಕಿಯೊಂದು ಐವತ್ತರ ಆಸುಪಾಸಿನಲ್ಲಿ ಕೂದಲೆಳೆಯಷ್ಟು ಏರಿ, ಕೂದಲೆಳೆಯಷ್ಟು ಇಳಿದು, ಮಲಗಿದ ಮಗುವಿನ ಎದೆಯಂತೆ ಉಸಿರಾಡುತ್ತಿತ್ತು. ಆ ಉಸಿರಿಗೆ ಹತ್ತೊಂಬತ್ತು ವರ್ಷಗಳಿಂದ ಕಾವಲು ಕೂತವಳು ಪಾಳಿಯ ಮುಖ್ಯಸ್ಥೆ. ಕೋಣೆಯವರಿಗೂ, ಸಬ್‌ಸ್ಟೇಷನ್ನುಗಳಿಂದ ಫೋನಿನಲ್ಲಿ ಮಾತಾಡುವವರಿಗೂ, ತನಗಿಂತ ಹಿರಿಯರಿಗೂ ಅವಳು ಅಕ್ಕ.

ಐದು ದಿನಗಳಿಂದ ಅವಳ ಕಣ್ಣು ಆ ಅಂಕಿಯ ಮೇಲೆ ನಿಲ್ಲುತ್ತಿರಲಿಲ್ಲ. ಮೂಲೆಯಲ್ಲಿ ಆಡಿಟರ್ ಕೂತಿದ್ದರು.

ಈ ನಿಯಂತ್ರಣ ಕೊಠಡಿಯನ್ನು ನಗರ ಎಷ್ಟರಮಟ್ಟಿಗೆ ನಂಬಬಹುದೆಂದು ಪರೀಕ್ಷಿಸಲು ಬಂದಿದ್ದ ಆ ಹಿರಿಯರು ಕಡತಗಳನ್ನು ಕೆದಕುತ್ತಾರೆಂದು ಎಲ್ಲರೂ ಮೊದಲೇ ಧೂಳು ಒರೆಸಿಟ್ಟಿದ್ದರು. ಅವರೋ ಕಡತದ ಕಡೆ ತಿರುಗಿಯೂ ನೋಡಲಿಲ್ಲ. ಕೊಠಡಿಯ ಫೋನ್ ಮಾತುಕತೆಗಳ ಧ್ವನಿಮುದ್ರಣ ಕೇಳಿ ಪಡೆದರು. ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ, ಗಂಟೆಗಟ್ಟಲೆ ಅಲ್ಲಾಡದೆ ಕೂತರು. ಎರಡನೆಯ ದಿನಕ್ಕೇ ಅವರಿಗೆ ನಿದ್ದೆರಾಯರೆಂಬ ಹೆಸರು ಬಿತ್ತು. ಗೊರಕೆ ಬಂದರೆ ಅದನ್ನೂ ರೆಕಾರ್ಡ್ ಮಾಡಿಕೊಳ್ಳೋಣವೆಂದು ಪಕ್ಕದ ಮೇಜಿನ ಕಿರಿಯ ಆಪರೇಟರ್ ಪಿಸುಗುಟ್ಟಿದ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಒಂದು ತಾರೀಕಿನ ಮಾತು ಮಾತ್ರ ಅವರ ಕಿವಿಗೆ ಬೀಳದಿರಲೆಂದು ಅವಳು ಕಾಯುತ್ತಿದ್ದಳು.

ಮೂರು ವಾರದ ಹಿಂದಿನ ಮಂಗಳವಾರ. ನಗರದಂಚಿನ ಹಳೆಯ ಸಬ್‌ಸ್ಟೇಷನ್ನಿನಿಂದ ಗೋಡೆಯ ನಕ್ಷೆಗೆ ಬರಬೇಕಾದ ಸಂಕೇತ ಆರು ತಿಂಗಳಿಂದ ಕೆಟ್ಟಿತ್ತು. ಅಲ್ಲಿನ ಚುಕ್ಕಿಗಳೆಲ್ಲ ಬೂದುಬಣ್ಣ. ಕರೆಂಟು ನಿಂತಿದೆಯೋ ಹರಿಯುತ್ತಿದೆಯೋ ತಿಳಿಯಲು ಫೋನೇ ಗತಿ. ಅಂದು ಅಲ್ಲಿಂದ ಬಡಾವಣೆಗಳಿಗೆ ಕರೆಂಟು ಒಯ್ಯುವ ಏಳನೇ ಫೀಡರಿನ ತಂತಿ ರಿಪೇರಿಗೆ ಹೋದ ಲೈನ್‌ಮನ್‌ಗಳಲ್ಲಿ ಅವಳ ಒಡಹುಟ್ಟಿದ ತಮ್ಮನೂ ಇದ್ದ. ಫೀಡರ್ ಆಫ್ ಮಾಡಲು ಅವಳು ಸಬ್‌ಸ್ಟೇಷನ್ನಿಗೆ ಹೇಳಿದಳು. ಅಲ್ಲಿದ್ದವನು ಮಾತಿನ ನಡುವೆ ಲೋಟ ಊದಿಕೊಳ್ಳುವ ಹಳೆಯ ಆಪರೇಟರ್, ಎಲ್ಲರ ಬಾಯಲ್ಲಿ ಕಾಫಿಯಣ್ಣ. ಫೂ ಎಂದು ಒಮ್ಮೆ ಊದಿ, “ಆಯ್ತು ಅಕ್ಕ” ಎಂದ. ಅವಳು ಪುಸ್ತಕದಲ್ಲಿ ವೇಳೆ ಬರೆದು, ತಂತಿ ಮುಟ್ಟಬಹುದೆಂಬ ಅಪ್ಪಣೆಯನ್ನು, ಅಂದರೆ ಲೈನ್ ಕ್ಲಿಯರ್ ಅನ್ನು, ಲೈನ್‌ಮನ್‌ಗಳಿಗೆ ಕೊಟ್ಟಳು.

ಐದೇ ನಿಮಿಷಕ್ಕೆ ಅವಳ ಸ್ವಂತ ಮೊಬೈಲಿಗೆ ತಮ್ಮನ ಕರೆ ಬಂತು.

“ಅಕ್ಕಾ, ತಂತಿ ಇನ್ನೂ ಹಾಡ್ತಾ ಇದೆ.”

ಅಪ್ಪಣೆ ಸಿಕ್ಕಿದರೂ ಕರೆಂಟಿದೆಯೇ ಎಂದು ಟೆಸ್ಟರ್ ಕೋಲು ತಾಗಿಸಿ ನೋಡದೆ ತಂತಿ ಮುಟ್ಟದ ಅವನನ್ನು ಜೊತೆಯವರು ಪುಕ್ಕಲನೆಂದು ಕಿಚಾಯಿಸುತ್ತಿದ್ದರು. ಆ ದಿನ ಅವನ ಜೀವ ಉಳಿದದ್ದು ಆ ಪುಕ್ಕಲುತನದಿಂದ. ಅವಳು ಮತ್ತೆ ಫೋನ್ ಮಾಡಿದಾಗ ಕಾಫಿಯಣ್ಣ ಶಾಂತವಾಗಿಯೇ ಇದ್ದ. ಆಯ್ತು ಅಂದೆನಲ್ಲ ಅಕ್ಕ, ಈಗ ಏಳುತ್ತಿದ್ದೇನೆ ಎಂದ.

ಅವನು ಹೇಳಿದ್ದು ಒಪ್ಪಿಕೊಂಡ ಆಯ್ತು. ಅವಳು ಕೇಳಿಸಿಕೊಂಡದ್ದು ಮುಗಿದುಹೋದ ಆಯ್ತು.

ಅವಳು ಅದನ್ನು ಪುಸ್ತಕದಲ್ಲಿ ಬರೆಯಲಿಲ್ಲ. ಬರೆದರೆ ತನ್ನ ಕುರ್ಚಿಗೂ ಕಾಫಿಯಣ್ಣನ ನೌಕರಿಗೂ ಸಂಚಕಾರ. ಏನೂ ಆಗಲಿಲ್ಲವಲ್ಲ, ಬಿಡು ಎಂದು ತಮ್ಮನೂ ಬಾಯಿಗೆ ಬೀಗ ಹಾಕಿಕೊಂಡ. ಅಂದಿನಿಂದ ಅವಳು ಕಾಫಿಯಣ್ಣನಿಗೆ ಆದೇಶ ಕೊಟ್ಟ ಹತ್ತು ನಿಮಿಷಕ್ಕೆ, ಮಂಡಿನೋವು ಹೇಗಿದೆಯೆಂದು ವಿಚಾರಿಸುವ ನೆಪದಲ್ಲಿ, ಮತ್ತೊಮ್ಮೆ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆಯೇ ಅಪ್ಪಣೆ ಕೊಡತೊಡಗಿದಳು. ಅಷ್ಟು ಸಾಕೆಂದುಕೊಂಡಿದ್ದಳು. ಆದರೆ ಊಟದ ನಂತರದ ಮಂಪರಿನಲ್ಲಿ ರೆಪ್ಪೆ ಕೂಡಿದರೆ ಸಾಕು, ಗೋಡೆಯ ಬೂದುಚುಕ್ಕಿಗಳು ಒಂದೊಂದಾಗಿ ಬಾಯಿ ತೆರೆದು ಆಯ್ತು, ಆಯ್ತು ಎನ್ನುತ್ತಿದ್ದವು. ನಗರದ ತಂತಿಗಳೆಲ್ಲ ವೀಣೆಯ ತಂತಿಗಳಾಗಿ ಮಿಡಿಯುತ್ತಿದ್ದವು. ಅವುಗಳ ನಡುವೆ ತಮ್ಮ ಬರಿಗಾಲಲ್ಲಿ ನಡೆದು ಹೋಗುತ್ತಿದ್ದ, ಹಿಂದಿರುಗಿ ನೋಡದೆ.

ಐದನೆಯ ದಿನ ಆಡಿಟರ್ ತಾವು ಕೇಳಿ ಮುಗಿಸಿದ ಮೂರು ತಾರೀಕುಗಳನ್ನು ಓದಿದರು. ಆ ಮಂಗಳವಾರ ಅದರಲ್ಲಿರಲಿಲ್ಲ. ಅಕ್ಕನಿಗೆ ಹೋದ ಉಸಿರು ಬಂದಂತಾಯಿತು. ಆದರೆ ಅವರು ಕನ್ನಡಕ ಮಡಚುತ್ತ ಮೆಲ್ಲಗೆ ಮುಂದುವರಿಸಿದರು:

“ನಾಲ್ಕನೇ ದಿನಾನ ನಾನು ಆರಿಸಲ್ಲ. ಅದನ್ನ ನೀವೇ ಕೊಡಬೇಕು. ಯಾವ ದಿನದ ಮಾತು ಕೇಳಿದ್ರೆ ಈ ಕೋಣೆಗೆ ಒಳ್ಳೇದಾಗುತ್ತೋ ಆ ದಿನ. ನಾಲ್ಕು ಗಂಟೆ ತನಕ ಕಾಯ್ತೀನಿ. ಕೊಡದಿದ್ರೆ ಹಾಗೇ ಹೊರಡ್ತೀನಿ.”

“ನಾನು ಮದುವೆಯಾದ ದಿನ ಬರ್ಕೊಳಿ ಸರ್,” ಎಂದ ಕಿರಿಯ ಆಪರೇಟರ್. “ಅದಕ್ಕಿಂತ ದೊಡ್ಡ ಪಾಠ ಇಲ್ಲಿ ಯಾರ ಹತ್ರಾನೂ ಇಲ್ಲ.”

ನಗೆ ಎದ್ದು ಅಡಗಿತು. ಆಡಿಟರ್ ಕಣ್ಣು ಮುಚ್ಚಿ ಕೂತರು. ಗಡಿಯಾರ ಮೂರೂವರೆ ದಾಟಿತು. ಇನ್ನು ಅರ್ಧ ಗಂಟೆ ತುಟಿ ಬಿಗಿಹಿಡಿದರೆ ಆ ಮಂಗಳವಾರ ಎಂದೆಂದಿಗೂ ಬೂದಿಯೊಳಗೆ ಹೂತುಹೋಗುತ್ತದೆ. ಅಂಕಿ ಏರುತ್ತಿತ್ತು, ಇಳಿಯುತ್ತಿತ್ತು. ಅದರ ಜೊತೆಯಲ್ಲೇ ಅವಳೂ ಮಂಪರಿಗೆ ಜಾರಿದಳು.

ಬೂದುಚುಕ್ಕಿ ಬಾಯಿ ತೆರೆಯಿತು. ಫೂ ಎಂದು ಊದಿತು. “ಆಯ್ತು ಅಣ್ಣ” ಎಂದಿತು.

ಅಕ್ಕ ಬೆಚ್ಚಿ ಕಣ್ಣು ಬಿಟ್ಟಳು. ಅದು ಕನಸಲ್ಲ. ಪಕ್ಕದ ಮೇಜಿನ ಸ್ಪೀಕರಿನಲ್ಲಿ ಕಾಫಿಯಣ್ಣ. ಏಳನೇ ಫೀಡರ್ ಆಫ್ ಮಾಡಲು ಕಿರಿಯ ಆಪರೇಟರ್ ಹೇಳಿದ್ದ. ಈಗ ಪುಸ್ತಕದಲ್ಲಿ ವೇಳೆ ಬರೆದು ಲೈನ್‌ಮನ್‌ಗಳ ಫೋನಿಗೆ ಕೈ ಚಾಚುತ್ತಿದ್ದ. ಮೇಜಿನ ಮೇಲಿದ್ದ ಚೀಟಿಯಲ್ಲಿ ಇಂದು ಕಂಬ ಏರುವವನ ಹೆಸರು ಅವಳ ತಮ್ಮನದಲ್ಲ. ಟೆಸ್ಟರ್ ಕೋಲಿನ ಗೊಡವೆಗೆ ಹೋಗದೆ, ತಮ್ಮನನ್ನು ಎಲ್ಲರಿಗಿಂತ ಹೆಚ್ಚು ಕಿಚಾಯಿಸುತ್ತಿದ್ದ ಧೈರ್ಯವಂತನದು. ಮಂಡಿನೋವಿನ ನೆಪ ಅವಳೊಬ್ಬಳಿಗೆ ಗೊತ್ತಿದ್ದ ಗುಟ್ಟು. ಮಿಕ್ಕವರನ್ನು ಅದು ಕಾಯುತ್ತಿರಲಿಲ್ಲ.

ಅವಳು ಆ ಚಾಚಿದ ಕೈ ಹಿಡಿದು ಸ್ಪೀಕರಿನತ್ತ ಬಾಗಿದಳು.

“ಅಣ್ಣಾ, ಯಾವ ಆಯ್ತು?”

ಅತ್ತ ಕಡೆಯಿಂದ ಲೋಟ ಕೆಳಗಿಟ್ಟ ಸದ್ದು ಬಂತು.

“ಯಾವ ಆಯ್ತು ಅಂದ್ರೆ?”

“ಆಗಿದ್ದಾ, ಆಗೋದಾ?”

ಸ್ಪೀಕರಿನಲ್ಲಿ ಕುರ್ಚಿ ಹಿಂದಕ್ಕೆ ಸರಿದದ್ದು ಕೇಳಿಸಿತು.

“ಆಗೋದು ಅಕ್ಕ. ಈಗ ಏಳ್ತಾ ಇದ್ದೀನಿ.”

ಕಿರಿಯ ಆಪರೇಟರ್ ಚಾಚಿದ್ದ ಕೈ ಹಿಂದೆಗೆದುಕೊಂಡ. ತಾನು ಬರೆದ ವೇಳೆಯನ್ನು ಅವನು ದಿಟ್ಟಿಸುತ್ತಿದ್ದ, ಬೇರೆ ಯಾರೋ ಬರೆದದ್ದೆಂಬಂತೆ. ಮೂಲೆಯಲ್ಲಿ ನಿದ್ದೆರಾಯರು ಕಣ್ಣು ತೆರೆದಿದ್ದರು.

ಅಕ್ಕ ನೇರ ಅವರ ಬಳಿಗೆ ನಡೆದಳು. ಮೂರು ವಾರದ ಹಿಂದಿನ ಮಂಗಳವಾರ, ಹನ್ನೊಂದು ಗಂಟೆ ನಲವತ್ತು ನಿಮಿಷ, ಎಂದಳು. ತಮ್ಮನ ಕರೆ ಆ ಮುದ್ರಣದಲ್ಲಿ ಸಿಗುವುದಿಲ್ಲವೆಂದು ಅದನ್ನೂ ಹೇಳಿದಳು. ತಾನು ಬರೆಯದೆ ಬಿಟ್ಟದ್ದನ್ನೂ ಹೇಳಿದಳು.

ಆಡಿಟರ್ ಆ ದಿನವನ್ನೂ ವೇಳೆಯನ್ನೂ ಬರೆದುಕೊಂಡರು.

“ಮೂರು ದಿನದ ಮಾತಲ್ಲಿ ನಾನೂರ ಹನ್ನೆರಡು ಆಯ್ತು ಎಣಿಸಿದೀನಿ ತಾಯಿ. ಯಾವುದು ಎಂಥದ್ದು ಅಂತ ನನಗೆ ತಿಳೀಲಿಲ್ಲ. ಹೊರಗಿನವನು, ನಿಮಗೆ ತಿಳಿದಿರುತ್ತೆ ಅಂದ್ಕೊಂಡಿದ್ದೆ.”

ವರದಿಯಲ್ಲಿ ಯಾರ ಹೆಸರೂ ಬರಲಿಲ್ಲ, ಒಂದು ಪದದ ಹೆಸರು ಬಂತು. ಬರೆಯದೆ ಮುಚ್ಚಿಟ್ಟದ್ದಕ್ಕೆ ಅಕ್ಕ ಎರಡು ತಿಂಗಳು ಕುರ್ಚಿ ಬಿಡಬೇಕಾಯಿತು. ಆ ಎರಡು ತಿಂಗಳಲ್ಲಿ ಹೊಸ ನಿಯಮ ಬರೆಯುವ ಕೆಲಸವನ್ನು ಅವಳಿಗೇ ವಹಿಸಿದರು. ಆದೇಶ ಕೇಳಿದವನು ಅದನ್ನು ತಿರುಗಿ ಒಪ್ಪಿಸಬೇಕು. ಕೆಲಸ ಮುಗಿದ ಮೇಲೆ ಇನ್ನೊಂದು ಕರೆ ಮಾಡಿ ಏನು ಮುಗಿಯಿತು, ಎಷ್ಟು ಹೊತ್ತಿಗೆ ಎಂದು ಹೇಳಬೇಕು. ಆಯ್ತು ಎಂಬ ಪದಕ್ಕೆ ಆ ಫೋನುಗಳಲ್ಲಿ ಪ್ರವೇಶವಿಲ್ಲ. ಕಾಫಿಯಣ್ಣ ಮೊದಮೊದಲು, ಈ ವಯಸ್ಸಿನಲ್ಲಿ ಮಗ್ಗಿ ಒಪ್ಪಿಸಬೇಕಲ್ಲ ಎಂದು ಗೊಣಗಿದ. ಕ್ರಮೇಣ ಲೋಟ ಕೆಳಗಿಟ್ಟೇ ಒಪ್ಪಿಸತೊಡಗಿದ. ಕೆಟ್ಟಿದ್ದ ಸಂಕೇತ ರಿಪೇರಿಯಾಗಿ ಬೂದುಚುಕ್ಕಿಗಳಿಗೂ ಬಣ್ಣ ಬಂತು.

ಕುರ್ಚಿಗೆ ಮರಳಿದ ದಿನ ಅವಳು ಮನೆಯಿಂದ ತಮ್ಮನಿಗೆ ಫೋನ್ ಮಾಡಿ ಭಾನುವಾರ ಊಟಕ್ಕೆ ಕರೆದಳು. ಅವನು ಗಂಟಲು ಸರಿಮಾಡಿಕೊಂಡ.

“ಭಾನುವಾರ ನಿನ್ನ ಮನೆಗೆ ಊಟಕ್ಕೆ ಬರಬೇಕು. ಬರ್ತೀನಿ. ಇನ್ನೂ ಬಂದಿಲ್ಲ. ಬಂದ ಮೇಲೆ ಬಾಗಿಲಲ್ಲಿ ನಿಂತು ಟೈಮ್ ಹೇಳ್ತೀನಿ. ಸರಿನಾ ಅಕ್ಕ?”

“ಆಯ್…” ಎಂದವಳು ನಾಲಿಗೆ ಕಚ್ಚಿಕೊಂಡಳು.