ನುಂಗಪ್ಪನ ಬಾಯಿ

ಹಸು ಸಾಕಿ ಹಾಲು ಮಾರುತ್ತಿದ್ದ ಹಾಲಕ್ಕನ ಕೊಟ್ಟಿಗೆಯ ಹಿಂದೆ ನೆಲದಲ್ಲೊಂದು ಬಾಯಿ ಇತ್ತು. ಸುಣ್ಣಕಲ್ಲಿನ ನೆಲವದು, ಒಳಗೆಲ್ಲ ಪೊಳ್ಳು. ಎಂಥ ಮಳೆ ನೀರಾದರೂ ಆ ಬಾಯಿಯಲ್ಲಿ ಇಳಿದುಹೋಗುತ್ತಿತ್ತು. ಅದಕ್ಕೆ ನುಂಗಪ್ಪ ಅಂತ ಹೆಸರಿಟ್ಟವಳೂ ಅವಳೇ. ಸಗಣಿ ತೊಳೆದ ನೀರು, ಗಂಜಲ, ಏನು ಸುರಿದರೂ ನುಂಗಪ್ಪ ಗುಟುಕ್ಕನೆ ನುಂಗಿ ಸುಮ್ಮನಾಗುತ್ತಿದ್ದ. ಇಂಥವನು ಹಿತ್ತಲಲ್ಲೇ ಇರುವಾಗ ಯಾರು ತಾನೇ ತಲೆ ಕೆಡಿಸಿಕೊಳ್ಳುತ್ತಾರೆ, ಹೇಳಿ? ನೆಲ ಎಲ್ಲವನ್ನೂ ಸೋಸಿಬಿಡುತ್ತದೆ ಎಂದು ಅವಳು ನಂಬಿದ್ದಳು. ಕಿವಿಯಿಟ್ಟರೆ ಆಳದಲ್ಲಿ ನೀರು ಹರಿಯುವ ಸದ್ದು ಕೇಳುತ್ತಿತ್ತು. ಕೆಲಸ ಮುಗಿದ ಮೇಲೆ ಅಲ್ಲೇ ಕೂತು, ಅದನ್ನು ಕೇಳುತ್ತ ತೂಕಡಿಸುತ್ತಿದ್ದಳು.

ಒಂದು ದಿನ ಕರೆಂಟು ಕೈಕೊಟ್ಟು, ತಣ್ಣಗಿಡುವ ತೊಟ್ಟಿಯಲ್ಲಿದ್ದ ಹಾಲೆಲ್ಲ ಹುಳಿಯಾಯಿತು. ಕರೆಂಟಿನವರಿಗೆ ಶಾಪ ಹಾಕುತ್ತ ಅಷ್ಟನ್ನೂ ನುಂಗಪ್ಪನಿಗೆ ಸುರಿದಳು.

ಮರುದಿನ ಬೆಳಿಗ್ಗೆ, ಇಳಿಜಾರಿನ ಕೆಳಗಿನ ಊರಿನಲ್ಲಿದ್ದ ತಂಗಿಯನ್ನು ನೋಡಲು ಹೊರಟಳು. ತಂಗಿಯ ಕೂಸಿಗೆ ತಿಂಗಳುಗಳಿಂದ ಹೊಟ್ಟೆ ಸರಿಯಿರಲಿಲ್ಲ. ಔಷಧ ಕುಡಿಸಿದಷ್ಟು ದಿನ ಚೆನ್ನಾಗಿರುತ್ತಿತ್ತು, ಆಮೇಲೆ ಮತ್ತೆ ಅದೇ ರಾಗ. ಕೂಸು ಸೊರಗಿ ಕಡ್ಡಿಯಾಗಿತ್ತು. ನಿನಗೆ ಮಗು ಸಾಕೋಕೆ ಬರಲ್ಲ ಎಂದು ಹಾಲಕ್ಕ ತಂಗಿಯನ್ನು ಬೈದದ್ದೂ ಉಂಟು.

ಊರಿನವರು ಕುಡಿಯುವ ನೀರಿನ ಬುಗ್ಗೆಯ ಬಳಿ ಎಲ್ಲರೂ ನೆರೆದಿದ್ದರು. ಕೂಸನ್ನೆತ್ತಿಕೊಂಡು ತಂಗಿಯೂ ಅಲ್ಲಿದ್ದಳು. ಕಲ್ಲಿನ ಸಂದಿಯಿಂದ ನೀರು ಬೆಳ್ಳಗೆ ಬರುತ್ತಿತ್ತು. ಬೆಳಗಿನ ಮಂಜು ಯಾವುದು, ನೀರು ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಮಕ್ಕಳು ಕೈ ಅದ್ದಿ ತೆಗೆದು ಬೆರಳು ನೋಡಿಕೊಳ್ಳುತ್ತಿದ್ದವು. ನೆಲವೇ ಹಾಲು ಕೊಡುತ್ತಿದೆ, ಕೂಸಿನ ಹೊಟ್ಟೆ ಇನ್ನು ಸರಿಹೋದಂತೆಯೇ ಎಂದು ತಂಗಿಯ ಅತ್ತೆ ಕಣ್ಣೊರೆಸಿಕೊಂಡು ಲೋಟ ತುಂಬಿಕೊಂಡರು.

ಹಾಲಕ್ಕನೂ ಒಂದು ಗಳಿಗೆ ಮೈಮರೆತು ನೋಡಿದಳು. ಅಷ್ಟು ಚೆಂದವಿತ್ತು! ಆಮೇಲೆ ಹುಳಿ ವಾಸನೆ ಮೂಗಿಗೆ ಬಡಿಯಿತು. ಹಾಲು ಬಂದ ದಾರಿಯಲ್ಲಿ ಇಷ್ಟು ವರ್ಷ ಇನ್ನೇನೇನು ಬಂದಿತ್ತು ಎಂಬುದು ಅವಳೊಬ್ಬಳಿಗೇ ಗೊತ್ತು. ತೆಪ್ಪಗಿದ್ದರೆ ನಾಳೆ ಬುಗ್ಗೆ ತಿಳಿಯಾಗುತ್ತಿತ್ತು, ಮಾನವೂ ಉಳಿಯುತ್ತಿತ್ತು. ಅಷ್ಟರಲ್ಲಿ ಲೋಟ ಕೂಸಿನ ತುಟಿಗೆ ತಾಗಿತು.

ಅವಳು ಅದನ್ನು ಕಿತ್ತುಕೊಂಡು ಚೆಲ್ಲಿದಳು.

"ಅದು ನಾನು ನಿನ್ನೆ ಸುರಿದ ಹಾಲು. ನನ್ನ ಕೊಟ್ಟಿಗೆ ತೊಳೆದ ನೀರೂ ಇಲ್ಲಿಗೇ ಬರ್ತಿದೆ. ಮಗೂಗೆ ಕುಡಿಸ್ಬೇಡಿ."

ಅತ್ತೆ ಬಾಯಿಗೆ ಬಂದಂತೆ ಬೈದರು, ಊರೂ ದನಿಗೂಡಿಸಿತು. ಹಾಲಕ್ಕ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ತಂಗಿ ಮಾತ್ರ ಕೂಸಿನ ತುಟಿಯನ್ನು ಒರೆಸುತ್ತಲೇ ಇದ್ದಳು. ಆಮೇಲೆ ಕೇಳಿದಳು:

"ಇವತ್ತು ಸಂಜೆ ಕೊಟ್ಟಿಗೆ ತೊಳೆದ ನೀರನ್ನ ಎಲ್ಲಿಗೆ ಬಿಡ್ತೀಯಾ, ಅಕ್ಕ?"

ಡ್ರಮ್ಮುಗಳಲ್ಲಿ ತುಂಬಿಡುತ್ತೇನೆ, ಸಿಮೆಂಟಿನ ತೊಟ್ಟಿ ಕಟ್ಟಿಸುತ್ತೇನೆ, ಬಾಯಿಯ ಸುತ್ತ ಒಡ್ಡು ಹಾಕಿ ಹುಲ್ಲು ಬೆಳೆಸುತ್ತೇನೆ, ಅಲ್ಲಿಯತನಕ ನೀರು ಕುದಿಸಿ ಕುಡಿಯಿರಿ ಎಂದಳು ಹಾಲಕ್ಕ. ತಂಗಿ ಕೂಸನ್ನೆತ್ತಿಕೊಂಡು ಮನೆಯ ಕಡೆ ನಡೆದಳು.

ಸಂಜೆ ಕೊನೆಯ ಡ್ರಮ್ಮು ತುಂಬುವಷ್ಟರಲ್ಲಿ ಹಾಲಕ್ಕನ ಸೊಂಟ ಬಿದ್ದುಹೋಗಿತ್ತು. ನುಂಗಪ್ಪನ ಪಕ್ಕ ಕೂತು ಕಿವಿಯಿಟ್ಟಳು. ಆಳದಲ್ಲಿ ನೀರು ಹರಿಯುತ್ತಿತ್ತು. ಅದು ಯಾರ ಮನೆಗೆ ಹೋಗುತ್ತದೆಂದು ಇವತ್ತು ಗೊತ್ತಿತ್ತು. ಕೂಸು ಮಲಗಿರುವ ಮನೆಯಲ್ಲಿ ಓಡಾಡುವ ಹಾಗೆ, ಹೆಜ್ಜೆಯ ಸದ್ದಾಗದಂತೆ ಅವಳು ಅಲ್ಲಿಂದ ಎದ್ದು ಬಂದಳು.