ಚಿತ್ರದಲ್ಲಿಲ್ಲದ ಬಾಲ

"ಇನ್ನೊಂದು ಸಲ ಒತ್ತು," ಎಂದಳು ತಾಯಿ.

ಮಗಳು ಎರಡೂ ಅಂಗೈ ಊರಿ ಪೆಟ್ಟಿಗೆಯ ಮುಚ್ಚಳವನ್ನು ಒತ್ತಿದಳು. ತಲೆಯ ಕಡೆ ಕೂತಿತು, ಕಾಲಿನ ಕಡೆಯೂ ಕೂತಿತು. ಕೈ ತೆಗೆದದ್ದೇ ತಡ, ಬಲಗಡೆಯ ಅಂಚು ಬೆರಳು ತೂರುವಷ್ಟು ಮೇಲೆದ್ದಿತು.

"ಬಾಲ ಬಗ್ತಾ ಇಲ್ಲಮ್ಮ."

"ಬಗ್ಗದ ಹಾಗೇ ತುಂಬಿದ್ದಾರೆ ನಿಮ್ಮಪ್ಪ. ಕೋಲಲ್ಲಿ ಗಿಡಿದು ಗಿಡಿದು ಹತ್ತಿ ತುಂಬಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನೀನು ಒತ್ತು, ಸ್ಕ್ರೂ ನಾನು ತಿರುಗಿಸ್ತೀನಿ."

ಒಳಗೆ ದರ್ಜಿ ಮಲಗಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುತ್ತಿಗೆಯವರೆಗೆ ಹಾಕಿದ ಗುಂಡಿ, ಎಡಗೈ ಹೆಬ್ಬೆರಳಿನ ಮೇಲೆ ಸೂಜಿ ಚುಚ್ಚಿ ಚುಚ್ಚಿ ದಪ್ಪಗಾದ ಚರ್ಮ. ಅವನ ಕೆಳಗೆ ಹಾಸಿಗೆಯ ಹಾಗೆ ಹರಡಿದ್ದು ಒಂದು ನೀಲಿ ವೇಷ. ಕೈ, ಕಾಲು, ದೊಡ್ಡ ಹೊಟ್ಟೆ ಎಲ್ಲ ಇದ್ದ, ತಲೆ ಮಾತ್ರ ಇಲ್ಲದ ವೇಷ. ಅದರ ಬಾಲ ತೊಡೆಯಷ್ಟು ದಪ್ಪ. ಅದೇ ಈಗ ಸತ್ತವನ ಪಕ್ಕದಲ್ಲಿ ಮಲಗಿ ಮುಚ್ಚಳದ ಜೊತೆ ಹಟಕ್ಕೆ ಬಿದ್ದಿತ್ತು.

ಇದು ಅಮ್ಮ ಮಗಳಿಬ್ಬರಿಗೇ ಗೊತ್ತಿದ್ದ ಸಂಗತಿ. ಪೆಟ್ಟಿಗೆ ತಂದವರನ್ನು "ಮುಚ್ಚಳ ನಾವೇ ಮುಚ್ತೀವಿ, ನೀವು ಗಾಡಿ ತನ್ನಿ" ಎಂದು ಸಾಗಹಾಕಿದ್ದಳು ತಾಯಿ. ಆಸ್ಪತ್ರೆಯಲ್ಲಿ ಕೊನೆಯ ದಿನ ದರ್ಜಿ ಅವಳ ಕೈ ಹಿಡಿದು ಕೇಳಿದ್ದು ಇಷ್ಟೇ: "ಅದು ನನ್ನ ಜೊತೆಗೇ ಹೋಗಲಿ. ಇನ್ನೊಬ್ಬರ ಕಣ್ಣಿಗೆ ಬೀಳೋದು ಬೇಡ." ಅವಳು "ಹೂಂ" ಎಂದಿದ್ದಳು. ಆ ಒಂದು "ಹೂಂ" ಈಗ ಅವಳ ಕೊರಳಿಗೆ ಬಿದ್ದಿತ್ತು.

ಬಾಗಿಲು ಬಡಿದ ಸದ್ದಾಯಿತು.

"ಅಕ್ಕಾ, ತೆಗಿ. ಕಂಪನಿಯೋರು ಬಂದಿದ್ದಾರೆ," ಎಂದ ತಾಯಿಯ ತಮ್ಮ.

"ಯಾವ ಕಂಪನಿ?"

"ಆ ಗೇಮ್ ಕಂಪನಿ. ಭಾವನ ಹತ್ರ ಹಳೇ ವೇಷ ಇದೆ ಅಂತ ನಾನೇ ಫೋನ್ ಮಾಡಿ ಹೇಳಿದ್ದೆ. ಪಾಪ, ಎಷ್ಟು ದೂರದಿಂದ ಬಂದಿದ್ದಾರೆ ಗೊತ್ತಾ?"

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಈ ತಮ್ಮನಿಗೆ ಚಿಕ್ಕಂದಿನಿಂದಲೂ ಬಾಯಲ್ಲಿ ಮಾತು ನಿಂತದ್ದಿಲ್ಲ. ಮಗಳು ಹಾಸಿಗೆಯ ಮೇಲಿನ ಬಿಳಿ ಬಟ್ಟೆಯನ್ನು ಎಳೆದು ಪೆಟ್ಟಿಗೆಗೆ ಹೊದಿಸಿ, ಬಲಗಡೆಯ ಅಂಚಿಗೆ ಸೊಂಟ ಒತ್ತಿ ನಿಂತಳು.

* * *

ಆ ವೇಷ ಹೊಲಿದಾಗ ದರ್ಜಿಗೆ ಇನ್ನೂ ಹೊಸದಾಗಿ ಮದುವೆಯಾಗಿತ್ತು. ನಾಟಕದವರಿಗೆ ವೇಷ, ಅಂಗಡಿ ಬಾಗಿಲಲ್ಲಿ ನಿಲ್ಲುವ ಬೊಂಬೆಗಳಿಗೆ ಬಟ್ಟೆ ಹೊಲಿದು ಕೊಡುತ್ತಿದ್ದ. ಯಾರೂ ಹೇಳದ ಒಂದು ಕುಚ್ಚು, ಯಾರೂ ಕೇಳದ ಒಂದು ಜೇಬು ಸೇರಿಸುವುದು ಅವನ ಚಟ.

ಒಂದು ದಿನ ವಿಡಿಯೋ ಗೇಮ್ ಮಾಡುವ ಕಂಪನಿಯವನೊಬ್ಬ ಚಿತ್ರ ಹಿಡಿದು ಬಂದ. ಕಾಡುಮೇಡು ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಕೂಡಿಹಾಕುವ ಆಟವಂತೆ. ಆಟ ಹೊರಬರುವ ಮೊದಲೇ ಊರೆಲ್ಲ ಪೋಸ್ಟರ್ ಅಂಟಿಸಬೇಕು, ಅಂಗಡಿಗಳ ಮುಂದೆ ಒಬ್ಬ ವೇಷ ಹಾಕಿ ನಿಂತು ಮಕ್ಕಳ ಕೈ ಕುಲುಕಬೇಕು. ಪ್ರಾಣಿಯ ಹೆಸರು ಟುಪ್ಪು. ನೀಲಿ ಮೈ, ಉಬ್ಬಿದ ಕೆನ್ನೆ, ಗುಡಾಣದ ಹೊಟ್ಟೆ. ತಲೆಯನ್ನು ಬೇರೆ ಕಡೆ ಪ್ಲಾಸ್ಟಿಕ್ಕಿನಲ್ಲಿ ಮಾಡಿಸುತ್ತಿದ್ದರು. ಮೈ ಹೊಲಿಯುವ ಕೆಲಸ ದರ್ಜಿಯದು.

ಚಿತ್ರದಲ್ಲಿ ಟುಪ್ಪುವಿನ ಮುಂಭಾಗ ಮಾತ್ರ ಇತ್ತು. ಬೆನ್ನು ಹೇಗಿರಬೇಕೆಂದು ಕೇಳೋಣವೆಂದರೆ ಚಿತ್ರ ತಂದವನು ಪರಊರಿಗೆ ಹೋಗಿಬಿಟ್ಟಿದ್ದ. ಫೋಟೋ ತೆಗೆಯುವ ದಿನ ತಲೆಯ ಮೇಲೆ ಬಂದು ಕೂತಿತ್ತು. ದರ್ಜಿ ವೇಷವನ್ನು ತಾನೇ ತೊಟ್ಟು ಹೆಂಡತಿಯ ಮುಂದೆ ಒಂದು ಸುತ್ತು ತಿರುಗಿದ.

"ಹಿಂದುಗಡೆ ಬೋಳುಬೋಳು ಕಣ್ರೀ. ದಿಂಬಿಗೆ ಕಾಲು ಬಂದ ಹಾಗಿದೆ," ಎಂದು ಅವಳು ಬಿದ್ದು ಬಿದ್ದು ನಕ್ಕಳು.

ಅವನಿಗೆ ಅಷ್ಟೇ ಸಾಕಾಯಿತು. ಉಳಿದ ನೀಲಿ ಬಟ್ಟೆಯಲ್ಲಿ ಬಾಲ ಹೊಲಿದ. ಬರೀ ನೀಲಿ ಸಪ್ಪೆ ಎನ್ನಿಸಿ, ಮಲಗುವ ಕೋಣೆಯ ಕಿತ್ತಳೆ ಪರದೆ ಇಳಿಸಿ ಕತ್ತರಿ ಆಡಿಸಿದ. ಬಾಲಕ್ಕೆ ಮೂರು ಪಟ್ಟಿ. ಎರಡು ಅಗಲವಾಗಿ ಬಂದವು. ಮೂರನೆಯದಕ್ಕೆ ಬಟ್ಟೆ ಸಾಲದೆ ಪಟ್ಟಿ ಕಿರಿದಾಯಿತು.

"ಇರಲಿ ಬಿಡಿ, ತುದಿ ತಾನೆ," ಎಂದಳು ಅವಳು. ಆ ಕಿಟಕಿಗೆ ಬಹಳ ಕಾಲ ಪರದೆಯೇ ಇರಲಿಲ್ಲ.

ಫೋಟೋದವನು ಬಾಲ ಕಂಡು ಹಿಗ್ಗಿದ, ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ ತೆಗೆದ. ಪೋಸ್ಟರು ಅಚ್ಚಾದವು. ಆಮೇಲೆ ಕಂಪನಿಯ ಮ್ಯಾನೇಜರು ಅಂಗಡಿಗೇ ಬಂದು, ಗಿರಾಕಿಗಳ ಎದುರಲ್ಲೇ ದರ್ಜಿಗೆ ಛೀಮಾರಿ ಹಾಕಿದ. "ಬಾಲ ಯಾರು ಇಡೋಕೆ ಹೇಳಿದ್ದು? ಚಿತ್ರದಲ್ಲಿ ಬಾಲ ಇದೆಯಾ? ಇದೆಯಾ ಹೇಳಿ!"

ಆಟ ಹೊರಬಂದಾಗ ಅದರಲ್ಲಿ ಟುಪ್ಪು ಇರಲಿಲ್ಲ. ಯಾರೋ ಬಂದು ಪ್ಲಾಸ್ಟಿಕ್ಕಿನ ತಲೆ ಒಯ್ದರು. ಮೈ ಬೇಡವೆಂದರು. ಟುಪ್ಪುವನ್ನು ಯಾಕೆ ಕೈಬಿಟ್ಟರೆಂದು ಯಾರೂ ಹೇಳಲಿಲ್ಲ. ಯಾರೂ ಹೇಳಬೇಕಾಗಿಯೂ ಇರಲಿಲ್ಲ, ದರ್ಜಿಗೆ ಗೊತ್ತಿತ್ತು: ತನ್ನ ಬಾಲದಿಂದ.

* * *

ಕಂಪನಿಯವಳು ಕಪ್ಪು ಉಡುಪಿನಲ್ಲಿ, ಕೈಯಲ್ಲೊಂದು ಹೂಗುಚ್ಛ ಹಿಡಿದು, ಬಾಗಿಲಲ್ಲೇ ಸಂಕೋಚದಿಂದ ನಿಂತಳು. ಮಗಳಿಗಿಂತ ನಾಲ್ಕಾರು ವರ್ಷ ಚಿಕ್ಕವಳಿರಬೇಕು.

"ಇಂಥ ದಿನ ಬಂದಿದ್ದಕ್ಕೆ ಕ್ಷಮಿಸಿ ಅಮ್ಮ. ಹೊರಟ ಮೇಲೇ ನನಗೆ ವಿಷಯ ಗೊತ್ತಾಗಿದ್ದು. ಒಂದು ಸಲ ಮುಖ ನೋಡಬಹುದಾ?"

"ಮುಚ್ಚಿ ಆಯ್ತು," ಎಂದಳು ಮಗಳು. ಸೊಂಟದ ಕೆಳಗೆ ಮುಚ್ಚಳ ಉಸಿರಾಡುವ ಹಾಗೆ ಮೇಲಕ್ಕೆ ಒತ್ತುತ್ತಿತ್ತು.

"ಆ ವೇಷ..."

"ಅದು ಇಲ್ಲ," ಎಂದಳು ತಾಯಿ. "ನುಸಿ ತಿಂದು ಹಾಳಾಗಿತ್ತು. ಎಸೆದುಬಿಟ್ವಿ."

"ಏನಕ್ಕಾ ಹೀಗಂತೀಯ?" ತಮ್ಮ ಹೌಹಾರಿದ. "ಮೊನ್ನೆ ಮೊನ್ನೆ ಬೀರು ಮೇಲೆ ನಾನೇ ನೋಡಿದ್ದೀನಿ! ಇವರು ಇಷ್ಟು ದೂರ ಬಂದಿದ್ದಾರೆ, ನನ್ನ ಮಾತಿಗೆ ಒಂದು ಬೆಲೆ ಬೇಡವಾ?" ಎನ್ನುತ್ತಾ ಪಕ್ಕದ ಹೊಲಿಗೆ ಕೋಣೆಗೆ ನುಗ್ಗಿದ. ಡಬ್ಬಗಳು ಉರುಳಿದವು, ಗುಂಡಿಗಳು ನೆಲದ ಮೇಲೆ ಚೆಲ್ಲಿದವು. ಹೊರಗೆ ಗಾಡಿಯವನು ಹಾರ್ನ್ ಒತ್ತಿದ.

"ಮಾಮ, ಸಾಕು ಬನ್ನಿ! ಹೊತ್ತಾಯ್ತು!" ಎಂದು ಮಗಳು ಕೂಗಿದಳು. ಕೂಗುವ ಭರದಲ್ಲಿ ಕೊಂಚ ಆಚೆ ತಿರುಗಿದಳು.

ಅಷ್ಟು ಸಾಕಾಯಿತು. ಮುಚ್ಚಳ ಕಿರ್ರೆಂದು ಎದ್ದಿತು. ಹೊದಿಸಿದ ಬಟ್ಟೆ ಜಾರಿತು. ಸಂದಿಯಲ್ಲಿ ನೀಲಿ ಬಾಲದ ತುದಿ, ಅದರ ಮೇಲೊಂದು ಕಿತ್ತಳೆ ಪಟ್ಟಿ, ಒಳಗಿನಿಂದ ಯಾರೋ ಇಣುಕಿದ ಹಾಗೆ ಹೊರಬಂದವು.

ವಾಪಸು ಬಂದ ತಮ್ಮ ಬಾಗಿಲಲ್ಲೇ ಬಾಯಿ ಬಿಟ್ಟುಕೊಂಡು ನಿಂತ. ತಾಯಿ ಪೆಟ್ಟಿಗೆಗೆ ಅಡ್ಡ ಬಂದಳು.

"ಮುಟ್ಟೋಹಾಗಿಲ್ಲ. ಮುಟ್ಟೋದಾದ್ರೆ ನನ್ನನ್ನ ದಾಟಿ ಮುಟ್ಟಿ. ಅವರು ಮುಚ್ಚಿಡು ಅಂದಿದ್ದಾರೆ, ನಾನು ಹೂಂ ಅಂದಿದ್ದೀನಿ. ಅವರ ತಪ್ಪು ಅವರ ಜೊತೆ ಹೋಗ್ತಾ ಇದೆ. ಇನ್ನೇನು ಬೇಕು ನಿಮಗೆ?"

"ತಪ್ಪಾ?" ಎಂದಳು ಕಂಪನಿಯವಳು. ಅವಳ ಕಣ್ಣು ಬಾಲ ಬಿಟ್ಟು ಕದಲಲಿಲ್ಲ. "ಯಾವ ತಪ್ಪು ಅಮ್ಮ?"

* * *

ಆ ಪೋಸ್ಟರಿನ ನಂತರ ದರ್ಜಿ ನಾಟಕದ ವೇಷಕ್ಕೆ ಕೈ ಹಚ್ಚಲೇ ಇಲ್ಲ. ಶಾಲೆಯ ಯೂನಿಫಾರಂ, ಆಸ್ಪತ್ರೆಯ ಹಾಸುಬಟ್ಟೆ, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಇಷ್ಟರಲ್ಲೇ ಜೀವನ ತೆಗೆದ. ಬಂದ ಗಿರಾಕಿಗಳಿಗೆಲ್ಲ ಒಂದೇ ಪ್ರಶ್ನೆ: "ಹಿಂದುಗಡೆ ಹೇಗಿರಬೇಕು?"

"ಅಂಗಿ ಕಣಪ್ಪ, ಎಲ್ಲರ ಅಂಗಿ ಹಿಂದೆ ಹೇಗಿರುತ್ತೋ ಹಾಗೆ."

"ಹಾಗಲ್ಲ, ಬಾಯಿಬಿಟ್ಟು ಹೇಳಿ."

ಬೀದಿಯಲ್ಲಿ ಅವನಿಗೆ 'ಹಿಂದುಗಡೆ' ಎಂದೇ ಹೆಸರು ಬಿತ್ತು. ಹೆಂಡತಿ ನಕ್ಕು ಸುಮ್ಮನಾಗುತ್ತಿದ್ದಳು. ಒಳಗೊಳಗೆ ಅವಳಿಗೆ ಅಳು ಬರುತ್ತಿತ್ತು. ಯಾರೂ ಕೇಳದ ಜೇಬು ಇಡುತ್ತಿದ್ದ ಗಂಡನನ್ನು ಅವಳು ಮದುವೆಯಾಗಿದ್ದಳು. ಆ ಮನುಷ್ಯ ಮತ್ತೆ ಬರಲಿಲ್ಲ.

ಆಟ ಮಾತ್ರ ಒಂದರ ಮೇಲೊಂದು ಬಂತು, ಲೋಕಪ್ರಸಿದ್ಧವಾಯಿತು. ದರ್ಜಿಯ ಮನೆಯೊಳಗೆ ಅದರ ಒಂದು ಚಿತ್ರವೂ ಬರಕೂಡದೆಂದು ಕಟ್ಟಪ್ಪಣೆ. ಮೊಮ್ಮಗಳು ಅಜ್ಜನ ಮನೆಗೆ ಬಂದಾಗಲೆಲ್ಲ ಚೀಲಕ್ಕೆ ನೇತುಹಾಕಿದ ಆ ಆಟದ ಗೊಂಬೆಯನ್ನು ಬಾಗಿಲ ಹೊರಗೇ ಚೀಲದೊಳಕ್ಕೆ ತುರುಕಿಕೊಳ್ಳುತ್ತಿದ್ದಳು.

* * *

"ಟುಪ್ಪುನ ತೆಗೆದಿದ್ದು ಬಾಲಕ್ಕಲ್ಲ ಅಮ್ಮ," ಎಂದಳು ಕಂಪನಿಯವಳು. "ಆಗ ಆಟದ ಮಷೀನಲ್ಲಿ ಜಾಗ ಸಾಲ್ತಿರಲಿಲ್ಲ. ಬೇಕಾದಷ್ಟು ಪ್ರಾಣಿಗಳನ್ನ ಕೈಬಿಟ್ರು. ಟುಪ್ಪುನೂ ಹೋಯ್ತು. ಆದ್ರೆ ಆ ಪೋಸ್ಟರ್ ನೋಡಿದ ಮಕ್ಕಳು ಬಾಲದ ಪ್ರಾಣಿ ಎಲ್ಲಿ, ಬಾಲದ ಪ್ರಾಣಿ ಎಲ್ಲಿ ಅಂತ ಅಂಗಡಿಯೋರ ಪ್ರಾಣ ತಿಂದ್ರಂತೆ. ಅದಕ್ಕೇ ಎರಡನೇ ಆಟದಲ್ಲಿ ಆ ಬಾಲನ ಇನ್ನೊಂದು ಪ್ರಾಣಿಗೆ ಇಟ್ರು. ಮಿಣುಕಿಗೆ. ಈಗ ಅದಿಲ್ಲದ ಆಟವೇ ಇಲ್ಲ. ಟುಪ್ಪು ತಲೆ ನಮ್ಮ ಹತ್ರ ಇದೆ. ಪ್ರದರ್ಶನಕ್ಕೆ ಅಂತ ನಾವು ಹುಡುಕ್ತಿದ್ದದ್ದೇ ಈ ಬಾಲನ."

ತಾಯಿ ನಂಬಲಿಲ್ಲ. ವೇಷ ಗಿಟ್ಟಿಸಲು ಹೆಣದ ಮುಂದೆ ಕಟ್ಟಿದ ಸಿಹಿಮಾತು ಎಂದೇ ಅವಳಿಗೆ ಅನ್ನಿಸಿತು. "ನಮ್ಮನ್ನ ಏನಂದ್ಕೊಂಡಿದ್ದೀರಿ?" ಎಂದಳು, ದನಿ ಏರಿಸಿ.

ಆಗ ಮಗಳು, ಏನೋ ಹೊಳೆದವಳ ಹಾಗೆ, ಪೆಟ್ಟಿಗೆ ಬಿಟ್ಟು ನಡುಮನೆಗೆ ಓಡಿದಳು. ಬರುವಾಗ ಅವಳ ಕೈಯಲ್ಲಿ ಮೊಮ್ಮಗಳ ಚೀಲವಿತ್ತು. ಒಳಗೆ ಕೈಹಾಕಿ ಗೊಂಬೆಯನ್ನು ಎಳೆದಳು. ಹಸಿರು ಮೈಯ ಮಿಣುಕಿ, ಹೆಬ್ಬೆರಳಷ್ಟು ನೀಲಿ ಬಾಲ.

"ಅಮ್ಮ, ಪಟ್ಟಿ ನೋಡು."

ತಾಯಿ ಕನ್ನಡಕ ಸರಿಮಾಡಿಕೊಂಡಳು. ಬಾಲಕ್ಕೆ ಮೂರು ಕಿತ್ತಳೆ ಪಟ್ಟಿ. ಎರಡು ಅಗಲ. ಮೂರನೆಯದು ಕಿರಿದು.

ಪರದೆ ಸಾಲದೆ ಕಿರಿದಾದ ಪಟ್ಟಿ. ಅದು ಹೀಗೆ ಎಷ್ಟು ಮಕ್ಕಳ ಚೀಲಕ್ಕೆ ನೇತುಬಿದ್ದಿದೆಯೋ ದೇವರಿಗೇ ಗೊತ್ತು. ಇದೇ ಮನೆಗೆ, ಇದೇ ಚೀಲದಲ್ಲಿ, ರಜೆ ರಜೆಗೂ ಬಂದು ಹೋಗಿದೆ. ಒಂದು ಗೋಡೆಯ ಆಚೆ ಕೂತು ಅವನು ಗುಂಡಿ ಹಚ್ಚುತ್ತಿದ್ದ. ಅಳು ಬರಬೇಕಾದ ಜಾಗದಲ್ಲಿ ಅವಳಿಗೆ ಸಿಟ್ಟು ಬಂತು.

"ಹೇಳಬಾರದಿತ್ತಾ?" ಎಂದಳು. "ನಿಮ್ಮೋರು ಯಾರಾದ್ರೂ ಒಬ್ಬರು ಬಂದು ಒಂದು ಮಾತು ಹೇಳಬಾರದಿತ್ತಾ? ಬೈಯೋಕೆ ಅಂಗಡಿ ಹುಡುಕ್ಕೊಂಡು ಬಂದ್ರಲ್ಲ!"

ಕಂಪನಿಯವಳು ತಲೆ ತಗ್ಗಿಸಿದಳು. "ಹೊಲಿದೋರು ಯಾರು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ ಅಮ್ಮ. ಇವರು ಫೋನ್ ಮಾಡೋವರೆಗೂ."

ತಮ್ಮ ಇದೊಂದು ಸಲ ಬಾಯಿ ಮುಚ್ಚಿಕೊಂಡಿದ್ದ. ಹೊರಗೆ ಮತ್ತೆ ಹಾರ್ನ್ ಆಯಿತು.

"ಮುಚ್ಚಳ ತೆಗಿ," ಎಂದಳು ತಾಯಿ, ಮಗಳಿಗೆ. "ಅಪ್ಪನ ಕತ್ತರಿ ತಗೊಂಡು ಬಾ. ದೊಡ್ಡದಲ್ಲ, ಹೊಲಿಗೆ ಬಿಚ್ಚೋದು."

"ಅಮ್ಮ, ಅಪ್ಪಂಗೆ ಮಾತು ಕೊಟ್ಟಿದ್ದೆಯಲ್ಲ."

"ಕೊಟ್ಟಿದ್ದೆ." ಅವಳು ಗಂಡನ ಮುಖದ ಕಡೆ ಬಾಗಿದಳು. "ಏನ್ರೀ, ಕೇಳಿಸ್ತಾ? ತಪ್ಪನ್ನ ಮುಚ್ಚಿಡ್ತೀನಿ ಅಂತ ತಾನೆ ನಾನು ಹೂಂ ಅಂದಿದ್ದು? ಇದು ತಪ್ಪಲ್ಲವಂತೆ. ಬೈಯೋದಿದ್ರೆ ನಾನು ಬಂದ ಮೇಲೆ ಬೈರಿ, ಅಲ್ಲೇ ಉತ್ತರ ಕೊಡ್ತೀನಿ."

ಹೊಲಿಗೆ ಸುಲಭಕ್ಕೆ ಬಿಡಲಿಲ್ಲ. ಎರಡೆಳೆ ದಾರ, ಒತ್ತಾದ ಹೊಲಿಗೆ. ಅವಳು ಒಂದೊಂದೇ ಎಳೆ ಬಿಚ್ಚಿದಳು, ಬಟ್ಟೆಗೆ ಒಂದು ಗೀರು ಬೀಳಲಿಲ್ಲ. ಬಾಲ ಕಳಚಿ ಬಂದಾಗ ಮಗಳು ಮುಚ್ಚಳ ಇಟ್ಟಳು. ಒತ್ತಬೇಕಾಗಲೇ ಇಲ್ಲ.

ಕಂಪನಿಯವಳು ದೊಡ್ಡದೊಂದು ಚೀಲ ಬಿಡಿಸಿದಳು.

"ಚೀಲ ಬೇಡ," ಎಂದಳು ತಾಯಿ. "ನೀವೂ ಗಾಡಿಯಲ್ಲಿ ಬನ್ನಿ, ಅವರ ಪಕ್ಕದಲ್ಲಿ ಕೂತ್ಕೊಳ್ಳಿ. ಇಷ್ಟು ದಿನ ಮುಚ್ಚಿಟ್ಟಿದ್ದು ಸಾಕು. ಎಲ್ಲರಿಗೂ ಕಾಣೋ ಹಾಗೆ ಹಿಡ್ಕೊಳ್ಳಿ."

ಗಾಡಿಯ ಹಿಂಬಾಗಿಲು ಹಾಕಲು ಹೋದ ಡ್ರೈವರು ಗೊಣಗಿದ. ಪೆಟ್ಟಿಗೆ ಸರಿಯಾಗಿ ಕೂತಿತ್ತು. ಬಾಲವೇ ಉದ್ದವಾಗಿ ಹೊರಗೆ ಚಾಚಿತ್ತು. ಮಡಚಿ ಎಂದ. "ಅದು ಬಗ್ಗಲ್ಲ," ಎಂದಳು ಮಗಳು. ಕೊನೆಗೆ ಬಾಗಿಲನ್ನು ಅರ್ಧಕ್ಕೆ ಹಗ್ಗ ಕಟ್ಟಿ ಹೊರಟರು.

ದರ್ಜಿಯ ಅಂಗಡಿ ದಾಟಿ, ಬಸ್ ನಿಲ್ದಾಣದ ಹತ್ತಿರ ಗಾಡಿ ನಿಧಾನವಾಯಿತು. ಶಾಲೆಗೆ ಹೊರಟ ಮಕ್ಕಳು ಸಾಲಾಗಿ ನಿಂತಿದ್ದರು.

"ಮಿಣುಕಿ ಬಾಲ! ಮಿಣುಕಿ ಬಾಲ!" ಎಂದು ಯಾವುದೋ ಮಗು ಕಿರುಚಿತು.

ರಸ್ತೆಯ ಉಬ್ಬು ಹತ್ತಿ ಇಳಿಯುವಾಗ ಬಾಲ ಮೇಲಕ್ಕೂ ಕೆಳಕ್ಕೂ ಆಡಿತು. ತುದಿಯ ಕಿರಿದಾದ ಪಟ್ಟಿ ಬಿಸಿಲಿಗೆ ಹೊಳೆಯಿತು. ಮಕ್ಕಳು ಒಬ್ಬೊಬ್ಬರಾಗಿ ಕೈ ಎತ್ತಿ, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅದಕ್ಕೆ ಟಾಟಾ ಮಾಡುತ್ತಲೇ ಇದ್ದರು.