ಇಪ್ಪತ್ತಾರು ಯಮಹಾ, ಒಂದು ಸುಜುಕಿ

"ಈ ಕ್ಲಾಸಿನಿಂದ ಲಾಭ ಆಗ್ತಿರೋದು ಟೀ ಅಂಗಡಿಯವನಿಗೆ ಮಾತ್ರ," ಎಂದರು ನಾಗೇಶ್ವರ. "ಬೇಕಾದ್ರೆ ಅವನನ್ನೇ ಕೇಳಿ ನೋಡಿ, ಧರ್ಮೇಶ್."

ತನ್ನ ಗ್ಯಾರೇಜಿನಲ್ಲಿ ಕಾರ್ಬ್ಯುರೇಟರ್ ತೊಳೆಯುತ್ತಿದ್ದ ಧರ್ಮೇಶನ ಕೈ ಅಲ್ಲೇ ನಿಂತಿತು. ನಾಗೇಶ್ವರ ಮಡಿಕೇರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಹತ್ತು ವರ್ಷದಿಂದ ಡ್ರ್ಯಾಗ್ ರೇಸ್ ಕ್ಲಬ್ಬಿಗೆ ಅವರೇ ಕಾರ್ಯದರ್ಶಿ. ಕೂಡಿಗೆಯ ಹತ್ತಿರ, ಸೈಟುಗಳಿದ್ದರೂ ಮನೆಗಳೇಳದ ಬಡಾವಣೆಯೊಂದರ ನೆಟ್ಟನೆಯ ಡಾಂಬರು ರಸ್ತೆಯಲ್ಲಿ ವರ್ಷಕ್ಕೊಮ್ಮೆ ಈ ಪಂದ್ಯ. ಇಬ್ಬರು ಅಕ್ಕಪಕ್ಕ ನಿಲ್ಲಬೇಕು, ಹಸಿರು ದೀಪ ಹತ್ತಿದೊಡನೆ ಕಾಲು ಮೈಲಿ ಓಡಿಸಬೇಕು, ಮೊದಲು ಗೆರೆ ಮುಟ್ಟಿದವನು ಗೆದ್ದ, ಸೋತವನು ಹೊರಗೆ. ತಿರುವಿಲ್ಲ, ತಕರಾರಿಲ್ಲ. ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ ಒಂದೊಂದು ಕ್ಲಾಸು, ಅಂದರೆ ವಿಭಾಗ.

"ದೊಡ್ಡ ಬೈಕಿನ ಕ್ಲಾಸಿಗೆ ಆರು ಕಂಪನಿ ಬರ್ತವೆ. ಜನ ಪಕ್ಷ ಕಟ್ಟಿಕೊಂಡು ಕಿತ್ತಾಡ್ತಾರೆ, ಬೇಲಿ ಬೀಳ್ಸ್ತಾರೆ. ನಿಮ್ಮ ನೂರಮೂವತ್ತು ಸಿಸಿ ಕ್ಲಾಸು ಶುರುವಾದ ತಕ್ಷಣ ಎದ್ದು ಟೀ ಕುಡಿಯೋಕೆ ಹೋಗ್ತಾರೆ. ಈ ಸಲ ಇಪ್ಪತ್ತೇಳು ಎಂಟ್ರಿ, ಇಪ್ಪತ್ತೇಳೂ ಯಮಹಾ. ಯಾರು ಯಾರಿಗೆ ಅಂತ ಸಿಳ್ಳೆ ಹೊಡೀಬೇಕು ಹೇಳಿ? ಬೇರೆ ಕಂಪನಿಯದು ಒಂದಾದ್ರೂ ಬರ್ಲಿ. ಇಲ್ಲಾಂದ್ರೆ ಈ ಕ್ಲಾಸು ಕೈಬಿಡೋದು ಅಂತ ಕಮಿಟಿ ತೀರ್ಮಾನ ಆಗಿದೆ."

ಅಷ್ಟು ಹೇಳಿ ಅವರು ಕೊಡೆ ಬಿಡಿಸಿಕೊಂಡು ಹೊರಟುಹೋದರು. ಹೇಳಬೇಕಾದ ಇನ್ನೊಂದು ಮಾತನ್ನು ಅವರು ಸಂಕೋಚಕ್ಕೆ ಹೇಳಲಿಲ್ಲ. ಅದು ಧರ್ಮೇಶನಿಗೆ ಗೊತ್ತಿತ್ತು. ಇಪ್ಪತ್ತೇಳು ಯಮಹಾಗಳೂ ಅವನ ಕೈಯಿಂದಲೇ ಹೊರಟಿದ್ದವು. ಹದಿನೈದು ವರ್ಷದಿಂದ, "ಯಾವ್ ಗಾಡಿ ತಗೊಳ್ಲಣ್ಣ?" ಎಂದು ಬಂದವರಿಗೆಲ್ಲ ಅವನದು ಒಂದೇ ಉತ್ತರ. ಬೇರೆ ಗಾಡಿ ತಂದವರನ್ನು ಗೇಲಿ ಮಾಡಿ, ಮಾರಿಸಿ, ಯಮಹಾ ಕೊಡಿಸಿದ್ದ. ಸೈಲೆನ್ಸರಿನ ಅಳತೆಗೆ ಅವನ ಬಳಿ ರಟ್ಟಿನ ಒಂದು ಅಚ್ಚಿತ್ತು. ಎಲ್ಲ ಗಾಡಿಗೂ ಅದೇ ಅಚ್ಚು. ಸದ್ದು ಕೇಳಿಯೇ "ಇದು ಕುಶಾಲನಗರದ ಧರ್ಮೇಶಂದು" ಎನ್ನುವಂತಾಗಲಿ ಎಂದು ಆಸೆಪಟ್ಟಿದ್ದ, ಆಗಿಯೂ ಹೋಗಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಈಗ ಉಣ್ಣುವ ಹೊತ್ತು.

ಆ ಕ್ಲಾಸು ನಿಂತರೆ ಅವನ ಜಂಬ ಇಳಿಯುತ್ತಿತ್ತು, ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದ. ಆದರೆ ಆ ಪಟ್ಟಿಯಲ್ಲಿ ಇಪ್ಪತ್ತೇಳನೆಯ ಹೆಸರು ಅವನ ಮಗಳು ಕಾವ್ಯಶ್ರೀಯದು. ವರ್ಷವಿಡೀ ಬೆಳಗ್ಗೆ ಐದೂವರೆಗೆ ಎದ್ದು ಕ್ಲಚ್ ಬಿಡುವುದನ್ನು ಕಲಿತು, ಲೈಸೆನ್ಸ್ ಮಾಡಿಸಿಕೊಂಡು, ಈ ಸಲ ಮೊದಲ ಬಾರಿಗೆ ಇಳಿಯಲಿದ್ದಳು. ಅವಳ ಗಾಡಿಯನ್ನು ಧರ್ಮೇಶ್ ಮಿಕ್ಕ ಎಲ್ಲದಕ್ಕಿಂತ ಹೆಚ್ಚು ಮಮತೆಯಿಂದ ಕಟ್ಟಿದ್ದ.

ಪಂದ್ಯಕ್ಕೆ ಹದಿನಾರು ದಿನವಿತ್ತು. ಅವನು ಒಬ್ಬೊಬ್ಬರನ್ನೇ ಕೇಳುತ್ತ ಹೋದ. ಮೂರು ವರ್ಷದಿಂದ ಸತತ ಗೆಲ್ಲುತ್ತಿದ್ದ ನಂದೀಶನಂತೂ ನಕ್ಕೇಬಿಟ್ಟ. "ಬ್ಯಾರೆ ಗಾಡೀಲಿ ಸೋಲಕ್ಕೆ ಯಾರಣ್ಣ ಬತ್ತಾರೆ? ಯಮಹಾ ಬುಟ್ರೆ ಮಿಕ್ಕಿದ್ದೆಲ್ಲ ಗುಜರಿ ಅಂತ ನೀನೇ ಅಲ್ವಾ ಹೇಳ್ತಿದ್ದದ್ದು?"

ಆ ಸಂಜೆ ಧರ್ಮೇಶ್ ಮುದ್ದೆ ಮುರಿಯದೆ ತಟ್ಟೆ ನೋಡುತ್ತ ಕೂತಿದ್ದಾಗ ಕಾವ್ಯಶ್ರೀ ಹೇಳಿದಳು, "ನಾನೇ ಓಡುಸ್ತೀನಿ ಬಿಡಪ್ಪ."

"ಏನ?"

"ಬ್ಯಾರೆ ಕಂಪನೀದ. ಕ್ಲಾಸೇ ಇಲ್ದಿದ್ರೆ ನನ್ನ ಯಮಹಾ ಇಟ್ಕಂಡು ಏನ್ ಮಾಡ್ಲಿ? ತರ್ಕಾರಿ ತರಕ್ಕಾ?"

ಧರ್ಮೇಶ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ವರ್ಷವಿಡೀ ಕಟ್ಟಿದ ಗಾಡಿಯನ್ನು ಮಗಳು ಎರಡು ಮಾತಿನಲ್ಲಿ ಬಿಟ್ಟುಕೊಟ್ಟಿದ್ದಳು. ಅವನಿಗೆ ನಾಚಿಕೆಯಾಯಿತು. ಏಕೆಂದರೆ ಓಡುವ ಸುಜುಕಿ ಎಲ್ಲಿದೆಯೆಂದು ಮೊದಲ ದಿನದಿಂದಲೇ ಅವನಿಗೆ ಗೊತ್ತಿತ್ತು. ಅಲ್ಲಿಗೆ ಹೋಗುವ ಮುಖವಿರಲಿಲ್ಲ.

ಮಲ್ಲಪ್ಪನ ಗ್ಯಾರೇಜು ಒಂದು ಕಾಲಕ್ಕೆ ಧರ್ಮೇಶನ ಗ್ಯಾರೇಜಿಗೆ ಎದುರುಬದುರಾಗಿತ್ತು. ಅವನು ಸುಜುಕಿ ಭಕ್ತ. ಹನ್ನೊಂದು ವರ್ಷದ ಕೆಳಗೆ, ಪಂದ್ಯದಲ್ಲಿ ಅವನ ಗಾಡಿ ಸೋತಾಗ ಧರ್ಮೇಶ್ ಮೈಕು ಕಸಿದುಕೊಂಡು, "ಅದ್ನ ಗದ್ದೆಗೆ ತಗಂಡೋಗಿ ಪಂಪ್‌ಸೆಟ್ ಮಾಡ್ಕ, ಮಲ್ಲಪ್ಪಣ್ಣ!" ಎಂದಿದ್ದ. ಊರೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಗಿರಾಕಿಗಳು ಒಬ್ಬೊಬ್ಬರೇ ರಸ್ತೆ ದಾಟಿದರು. ಮಲ್ಲಪ್ಪ ಬಾಗಿಲು ಹಾಕಿ ಗಾಳಿಬೀಡಿಗೆ ಹೋಗಿ, ಎಸ್ಟೇಟಿನವರು ಕಳೆ ಕೊಚ್ಚುವ ವೀಡ್ ಕಟರ್‌ಗಳ ರಿಪೇರಿ ಮಾಡಿಕೊಂಡಿದ್ದ.

ಭಾನುವಾರ ಬೆಳಗ್ಗೆ ತಂದೆ ಮಗಳು ಅಲ್ಲಿಗೆ ಹೋಗಿ ನಿಂತಾಗ ಅವನು ಒಂದು ಕಟರಿನ ಬ್ಲೇಡು ಬಿಚ್ಚುತ್ತಿದ್ದ. ತಲೆ ಎತ್ತಿ ನೋಡಿ, ಮತ್ತೆ ಬ್ಲೇಡಿಗೇ ಇಳಿದ. ಧರ್ಮೇಶ್ ನಿಂತಲ್ಲೇ ಎಲ್ಲ ಹೇಳಿ ಮುಗಿಸಿ, ಕೊನೆಗೆ, "ಅವತ್ತು ನಾನಂಗೆ ಅನ್ಬಾರ್ದಿತ್ತು ಕಣಣ್ಣ," ಎಂದ.

"ಅನ್ಬಾರ್ದಿತ್ತು," ಎಂದ ಮಲ್ಲಪ್ಪ. ಬ್ಲೇಡನ್ನು ಕೆಳಗಿಟ್ಟು, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈಗ ನಿಂಗೆ ಪಂಪ್‌ಸೆಟ್ ಬೇಕಾಯ್ತು, ಅಲ್ವಾ?"

"ಬೇಕು."

ಮಲ್ಲಪ್ಪ ಕೈ ಒರೆಸಿಕೊಂಡು ಕಾವ್ಯಶ್ರೀಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಎಷ್ಟು ತೂಕ ಇದ್ದೀಯವ್ವ?"

"ನಲ್ವತ್ತೆಂಟು ಕೆ.ಜಿ., ದೊಡ್ಡಪ್ಪ."

ದೊಡ್ಡಪ್ಪ ಎನ್ನಿಸಿಕೊಂಡ ಮೇಲೆ ಮನುಷ್ಯ ಎಷ್ಟೆಂದು ಬಿಗಿದುಕೊಂಡಿರುತ್ತಾನೆ? ಒಳಗೆ ಹೋಗಿ, ಗೋಣಿಚೀಲ ಸರಿಸಿ, ನೀಲಿ ಸುಜುಕಿಯನ್ನು ತಳ್ಳಿಕೊಂಡು ಬಂದ. ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. "ಆದ್ರೆ ಒಂದ್ ಮಾತು, ಧರ್ಮೇಶ. ಇದ್ಕೆ ನೀನು ಕೈ ಹಾಕೋ ಹಂಗಿಲ್ಲ. ನಿನ್ನ ಅಚ್ಚು ಇದರ ಹತ್ರಕ್ಕೂ ಸುಳಿಯೋ ಹಂಗಿಲ್ಲ. ನಾನು ಕೇಳಿದ್ ಸ್ಪ್ಯಾನರ್ ಕೊಡ್ಬೇಕು, ಅಷ್ಟೇಯ."

ಹಾಗೆ ಹನ್ನೆರಡು ದಿನ ಧರ್ಮೇಶ್ ತನ್ನ ಗ್ಯಾರೇಜಿನಲ್ಲೇ ಸ್ಪ್ಯಾನರ್ ಕೊಡುವ ಆಳಾದ. ಮಲ್ಲಪ್ಪ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ಕೇಳುತ್ತ ಕೂರುತ್ತಿದ್ದ. ಸೈಲೆನ್ಸರನ್ನು ಮೂರು ಸಲ ಕತ್ತರಿಸಿ ಮೂರು ಸಲ ಬೆಸುಗೆ ಹಾಕಿದ. "ಅಷ್ಟು ಉದ್ದ ಬ್ಯಾಡ" ಎಂಬ ಮಾತು ಧರ್ಮೇಶನ ನಾಲಿಗೆಯ ತುದಿಗೆ ಬಂದು ಬಂದು ಹಿಂದೆ ಹೋಗುತ್ತಿತ್ತು. ಹತ್ತನೆಯ ದಿನ ಆ ಗಾಡಿ ಗಂಟಲು ಬಿಟ್ಟಾಗ ಎದುರು ಅಂಗಡಿಯ ಬೇಕರಿಯವನು ಹೊರಗೆ ಬಂದು ನೋಡಿದ. ಅದು ಆ ಬೀದಿಯಲ್ಲಿ ಯಾರೂ ಕೇಳಿರದ ಸದ್ದು. ಉದ್ದ ಮಾಡಿದ್ದೇ ಸರಿಯಾಗಿತ್ತು ಎಂದು ಧರ್ಮೇಶನಿಗೆ ಹೊಟ್ಟೆಕಿಚ್ಚಾಯಿತು, ಖುಷಿಯೂ ಆಯಿತು.

ಸುಜುಕಿಯ ಆ ಒಂದೇ ಎಂಟ್ರಿಯಿಂದ ಪಂದ್ಯದ ದಿನ ಕ್ಲಾಸು ಉಳಿಯಿತು. ನಾಗೇಶ್ವರ ಮೈಕಿನಲ್ಲಿ ನೂರಮೂವತ್ತು ಸಿಸಿ ಎಂದು ಸಾರಿದೊಡನೆ ಜನ ರೂಢಿಯಂತೆ ಟೀ ಅಂಗಡಿಯ ಕಡೆ ಹೊರಟರು. ಮೊದಲ ನಾಲ್ಕು ಜೋಡಿ ಖಾಲಿ ಬೇಲಿಯ ಮುಂದೆ ಓಡಿದವು. ಐದನೆಯ ಜೋಡಿಯಲ್ಲಿ ನೀಲಿ ಸುಜುಕಿ ಹೊರಟಿತು ನೋಡಿ, ಆ ಬೇರೆ ಸದ್ದಿಗೆ ಲೋಟ ಹಿಡಿದವರ ಕತ್ತುಗಳು ತಿರುಗಿದವು. "ಯಾವ್ದಲಾ ಅದು?" ಎಂದ ಒಬ್ಬ. "ಸುಜುಕಿ ಕಣೋ! ನಮ್ಮ ಮಾವಂದಿತ್ತು!" ಎಂದ ಇನ್ನೊಬ್ಬ. ಕಾವ್ಯಶ್ರೀ ಒಂದು ಗಾಲಿ ಮುಂದಾಗಿ ಗೆದ್ದಳು.

ಎರಡನೆಯ ಸುತ್ತಿಗೆ ಅರ್ಧ ಜನ ಬೇಲಿಗೆ ಮರಳಿದ್ದರು. ಮೂರನೆಯದಕ್ಕೆ ಎರಡು ಪಕ್ಷವಾಗಿತ್ತು. ಹದಿನೈದು ವರ್ಷ ಯಮಹಾದಲ್ಲೇ ಓಡಾಡಿ ಅದಕ್ಕೊಂದು ಜೈಕಾರ ಹಾಕದವರು ಈಗ ಎದುರಾಳಿ ಸಿಕ್ಕಿದನೆಂದು ಎದೆಯುಬ್ಬಿಸಿ ಕೂಗತೊಡಗಿದರು. ನಾಲ್ಕನೆಯ ಸುತ್ತಿನಲ್ಲಿ ನಾಗೇಶ್ವರರು ಮೈಕಿನಲ್ಲಿ ಏನು ಹೇಳಿದರೆಂದು ಯಾರಿಗೂ ಕೇಳಿಸಲಿಲ್ಲ.

ಫೈನಲ್ಲಿಗೆ ನಂದೀಶ ಮತ್ತು ಕಾವ್ಯಶ್ರೀ. ನಂದೀಶನ ಗಾಡಿ ಧರ್ಮೇಶನ ಕೈಯ ಅತ್ಯುತ್ತಮ ಕೆಲಸ. ಅದರ ಎಂಜಿನ್ನನ್ನು ಅವನು ಹಿಂದಿನ ದಿನ ತಾನೇ ಬಿಚ್ಚಿ ಜೋಡಿಸಿದ್ದ, ಒಂದು ಎಳೆಯಷ್ಟೂ ಮೋಸ ಮಾಡದೆ. ಹಳದಿ ದೀಪಗಳು ಒಂದೊಂದಾಗಿ ಹತ್ತಿದವು. ಹಸಿರು ಬಂತು. ಮಗಳು ಮೊದಲು ಹೊರಟಳು. ಅರ್ಧ ದಾರಿಯವರೆಗೂ ನೀಲಿಯೇ ಮುಂದಿತ್ತು. ಆಮೇಲೆ ಯಮಹಾ ತನ್ನ ಮೇಲಿನ ಗೇರಿನಲ್ಲಿ ಉಸಿರು ಎಳೆದುಕೊಂಡದ್ದು ಧರ್ಮೇಶನ ಕಿವಿಗೆ ಬಿತ್ತು. ಅವನದೇ ಸದ್ದು ಅದು, ಗೆಲ್ಲುವ ಸದ್ದು. ಆದರೆ ಅವನ ಗಂಟಲು "ಸುಜುಕೀ!" ಎಂದು ಹರಿದುಹೋಗುವಂತೆ ಕೂಗುತ್ತಿತ್ತು. ಪಕ್ಕದಲ್ಲಿ ಮಲ್ಲಪ್ಪ ಅವನ ಅಂಗಿಯನ್ನು ಹಿಂಡಿ ಹಿಡಿದುಕೊಂಡಿದ್ದ.

ಒಂದು ಸೆಕೆಂಡಿನ ನೂರರಲ್ಲಿ ಆರು ಭಾಗಕ್ಕೆ ನಂದೀಶ ಗೆದ್ದ. ಸೋತವಳ ಸುತ್ತಲೂ ಅಷ್ಟೇ ಜನ ಮುತ್ತಿದರು. ಹೆಲ್ಮೆಟ್ ತೆಗೆದಾಗ ಕಾವ್ಯಶ್ರೀಯ ಕಣ್ಣಲ್ಲಿ ನೀರಿತ್ತು. "ಕೊನೇ ಗೇರು ಲೇಟಾಗಿ ಹಾಕ್ಬುಟ್ಟೆ ದೊಡ್ಡಪ್ಪ," ಎಂದಳು. "ಮುಂದಿನ್ ಸಲ ಬೇಗ ಹಾಕು," ಎಂದ ಮಲ್ಲಪ್ಪ.

ನಾಗೇಶ್ವರ ಬೆವರೊರೆಸಿಕೊಳ್ಳುತ್ತ ಬಂದರು. "ಮುಂದಿನ ವರ್ಷ ಈ ಕ್ಲಾಸನ್ನ ಕೊನೆಗಿಡ್ತೀನಿ, ದೊಡ್ಡ ಬೈಕಿನ ನಂತರ. ಆದ್ರೆ ಇನ್ನೂ ಒಂದು ಕಂಪನಿ ಬೇಕಪ್ಪ. ಎಲ್ಲಿಂದ ತರ್ತೀರೋ ಗೊತ್ತಿಲ್ಲ."

ಆ ಮಾತು ಬೇಲಿಯಾಚೆ ನಿಂತಿದ್ದ ಒಬ್ಬ ಹೆಂಗಸಿನ ಕಿವಿಗೆ ಬಿತ್ತು. ಅವಳು ಚಲುವಮ್ಮ, ಆಚೆಯ ಜೋಳದ ಹೊಲ ಅವಳದೇ. "ಕವಾಸಕಿ ಅಂದ್ರೆ ಆದದಾ?" ಎಂದು ಕೇಳಿದಳು. "ನಮ್ ಯಜಮಾನ್ರು ಓಡುಸ್ತಿದ್ರು. ಕೊಟ್ಗೇಲದೆ. ಕೊಡಕ್ಕೇನೂ ಬ್ಯಾಸರ ಇಲ್ಲ. ಈಗ ಬಂದ್ರೆ ಈಗ್ಲೇ ನೋಡ್ಬೋದು. ಆದ್ರೆ ಅದ್ರ ಮ್ಯಾಲೆ ಕೋಳಿ ಕೂರ್ಸಿವ್ನಿ."

ಧರ್ಮೇಶ್, ಮಲ್ಲಪ್ಪ ಇಬ್ಬರೂ ಅವಳ ಹಿಂದೆ ಹೊಲದ ಬದುವಿನಲ್ಲಿ ನಡೆದರು. ಕೊಟ್ಟಿಗೆಯ ಮೂಲೆಯಲ್ಲಿ ಗಾಡಿ ಗೋಡೆಗೊರಗಿ ನಿಂತಿತ್ತು. ಸೀಟಿಗೆ ಕಟ್ಟಿದ ಬುಟ್ಟಿಯಲ್ಲಿ ಕೆಂಚು ಕೋಳಿಯೊಂದು ಕಾವು ಕೂತಿತ್ತು. ಬಂದವರನ್ನು ಕಂಡು ಗರಿ ಕೆದರಿತು, ಏಳಲಿಲ್ಲ.

"ಇನ್ನಾರು ದಿನಕ್ಕೆ ಮರಿ ಒಡೀತವೆ," ಎಂದಳು ಚಲುವಮ್ಮ. "ಅಲ್ಲೀಗಂಟ ಅಳ್ಳಾಡಿಸ್‌ಬ್ಯಾಡಿ."

"ಇಲ್ಲ ಬಿಡವ್ವ," ಎಂದ ಮಲ್ಲಪ್ಪ. ಟ್ಯಾಂಕಿನ ಮೇಲಿನ ಹಿಕ್ಕೆಯನ್ನು ಹೆಬ್ಬೆರಳಿನಿಂದ ಉಜ್ಜಿ, ಅಕ್ಷರಗಳನ್ನು ನೋಡಿ, ಧರ್ಮೇಶನ ಕಡೆ ತಿರುಗಿದ. "ಎಂಜಿನ್ ಹಿಡಕಂಡದಾ ನೋಡು. ನೀನೇ ನೋಡು."

ಧರ್ಮೇಶ್ ಮಂಡಿಯೂರಿ ಕೂತ. ಕಿಕ್ಕರನ್ನು ಕಾಲಿನಿಂದಲ್ಲ, ಅಂಗೈಯಿಂದ ಹಿಡಿದು ಮೆಲ್ಲಗೆ ಒತ್ತಿದ. ಮೊದಲು ಬಿಗಿಯಿತ್ತು. ಮಲ್ಲಪ್ಪ ಬುಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಇನ್ನೊಂದಿಷ್ಟು ಒತ್ತಿದಾಗ ಕಿಕ್ಕರು ಇಷ್ಟಿಷ್ಟೇ ಕೆಳಗಿಳಿಯಿತು, ಒಳಗೆಲ್ಲೋ ಪಿಸ್ಟನ್ ಒಂದು ಸಲ ಸರಿದು ಮೆತ್ತಗೆ ಉಸಿರು ಬಿಟ್ಟಿತು. ಕೋಳಿ ಒಮ್ಮೆ ಕತ್ತು ಹೊರಳಿಸಿ ನೋಡಿ, ಮೊಟ್ಟೆಗಳನ್ನು ಹೊಟ್ಟೆಯಡಿಗೆ ಎಳೆದುಕೊಂಡು ಮತ್ತೆ ಕಣ್ಣು ಮುಚ್ಚಿತು.